ರಾಕೆಟ್ ಲೀಗ್: ಬೂಸ್ಟ್ ಖಾಲಿಯಾಗುವುದೇಕೆ?

ಕಾರುಗಳಿಂದ ಚೆಂಡು ಹೊಡೆದು ಗೋಲು ಗಳಿಸುವ ವಿಡಿಯೋ ಗೇಮ್ ರಾಕೆಟ್ ಲೀಗ್‌ನ ಮೂವರ ತಂಡದ ಆಟದಲ್ಲಿ ಸದಾ ಬೂಸ್ಟ್ (ಕಾರಿಗೆ ಹೆಚ್ಚಿನ ವೇಗ ಕೊಡುವ ಇಂಧನ) ಖಾಲಿಯಾಗಿ ಗೋಲು ಬಿಟ್ಟುಕೊಡುತ್ತಿರುವುದೇಕೆ ಎಂದು ಕಾರವಾರದಿಂದ ಕೇಳಿದ್ದೀರಿ. ಮೇಲೆ ಹಾದರೆ 100 ಬೂಸ್ಟ್ ಕೊಡುವ ದೊಡ್ಡ ಪ್ಯಾಡುಗಳು ಮೈದಾನದಲ್ಲಿ ಕೇವಲ 6, ಅವು ಮರಳಲು 10 ಸೆಕೆಂಡು ಬೇಕು. ಆದರೆ 12ರಂತೆ ಕೊಡುವ 28 ಸಣ್ಣ ಪ್ಯಾಡುಗಳು 4 ಸೆಕೆಂಡಿನಲ್ಲೇ ಮರಳುವುದರಿಂದ, ಪ್ರತಿ ಸಲವೂ ದೊಡ್ಡ ಪ್ಯಾಡಿಗಾಗಿ ಮೂಲೆಗೆ ತಿರುಗದೆ, ಅವುಗಳ ಮೇಲೆಯೇ ಹಾದು ನಿಮ್ಮ ಗೋಲಿನತ್ತ ಹಿಂದಿರುಗುವುದನ್ನು ಮೊದಲು ರೂಢಿಸಿಕೊಳ್ಳಿ. ಚೆಂಡು ಹೊಡೆದವರು ಹಿಂದೆ ಸರಿಯಬೇಕು, ಎರಡನೆಯವರು ಮುಂದೆ ಬರಬೇಕು, ಮೂರನೆಯವರು ಗೋಲು ಕಾಯಬೇಕು. ಹೊಸಬರಿಗೆ ಗಾಳಿಯಲ್ಲಿ ಹಾರುವ ಕಲೆಗಿಂತ ಈ ಸರದಿಯೇ ಮುಖ್ಯವೆಂಬುದು ನನ್ನ ದೃಢ ಅಭಿಪ್ರಾಯ. ಬಾಲ್ ಕ್ಯಾಮ್ (ಸದಾ ಚೆಂಡಿನತ್ತಲೇ ತಿರುಗಿರುವ ಕ್ಯಾಮೆರಾ ನೋಟ) ಬಳಸಿ, ಪ್ಯಾಡು ಹುಡುಕುವಾಗ ಮಾತ್ರ ಅದನ್ನು ಆಫ್ ಮಾಡಿ. ನಮ್ಮ ಶಿರಸಿಯ ಮಳೆಗಾಲದಲ್ಲಿ ಇಂಟರ್ನೆಟ್ ಕಡಿದು ತಂಡವನ್ನು ನಡುವೆಯೇ ಬಿಡಬೇಕಾದ ಬೇಸರ ನನಗೂ ಆಗಿದೆ. ಅಂಥ ದಿನಗಳಲ್ಲಿ ರ‍್ಯಾಂಕ್ ಪಂದ್ಯಕ್ಕಿಳಿಯದೆ ಕಂಪ್ಯೂಟರೇ ಆಡಿಸುವ ಬಾಟ್‌ಗಳೊಂದಿಗೆ ಅಭ್ಯಾಸ ಮಾಡಿ.