‘ಬಿಳಿ ರಕ್ತಕಣ ಅಲ್ಲೇ ಇದ್ದವಲ್ಲ, ಮತ್ಯಾಕೆ ಸುಮ್ನಿದ್ದವು?’

ತಿಪಟೂರಿನ ಓದುಗರೊಬ್ಬರ ಪತ್ರ: “ಅಕ್ಕನಿಗೆ ಸ್ತನ ಕ್ಯಾನ್ಸರ್ ಆಪರೇಷನ್ ಆಯಿತು. ಗಡ್ಡೆಯೊಳಗೆ ಲಿಂಫೋಸೈಟ್‌ಗಳಿವೆ ಅಂತ ಬಯಾಪ್ಸಿ ರಿಪೋರ್ಟಿನಲ್ಲಿ ಬರೆದಿದ್ದಾರೆ. ಅವು ರೋಗದ ವಿರುದ್ಧ ಹೋರಾಡುವ ಬಿಳಿ ರಕ್ತಕಣ ಅಲ್ವಾ? ಅಲ್ಲೇ ಇದ್ದೂ ಯಾಕೆ ಸುಮ್ನಿದ್ದವು? ಇಮ್ಯುನಿಟಿ ಜಾಸ್ತಿಯಾಗಲಿ ಅಂತ ಮನೆಯವರು ಅಮೃತಬಳ್ಳಿ ಕಷಾಯ ಕುಡಿಸುತ್ತಿದ್ದಾರೆ. ಸರಿಯಾ?”

ಗಡ್ಡೆಯೊಳಗೆ ಬಿಳಿ ರಕ್ತಕಣಗಳಿರುವುದನ್ನು ಜರ್ಮನಿಯ ವೈದ್ಯ ರುಡಾಲ್ಫ್ ವಿರ್ಚೋ 1863ರಲ್ಲೇ ಗಮನಿಸಿದ್ದರು. ಅಲ್ಲಿ ಅವಕ್ಕೇನು ಕೆಲಸ ಅನ್ನುವುದು ಬಿಡಿಸಿಕೊಳ್ಳಲು ಮಾತ್ರ ನೂರು ವರ್ಷಕ್ಕಿಂತ ಜಾಸ್ತಿ ಹಿಡಿಯಿತು.

ಈಳಿಗೆಮಣೆಯಲ್ಲಿ ಬೆರಳು ಕೊಯ್ದುಕೊಂಡಿರಿ ಅನ್ನಿ. ಮ್ಯಾಕ್ರೊಫೇಜ್ ಎಂಬ ಬಿಳಿ ಕಣ ಅಲ್ಲಿಗೆ ಬರುತ್ತದೆ. ಕ್ರಿಮಿಗಳನ್ನು ನುಂಗುತ್ತದೆ, ಸತ್ತ ಕಣಗಳನ್ನು (ಜೀವಕೋಶಗಳನ್ನು) ಗುಡಿಸುತ್ತದೆ. ಆಮೇಲೆ ಅದೇ ಕಣ ರಿಪೇರಿಗೆ ನಿಲ್ಲುತ್ತದೆ. ಹೊಸ ರಕ್ತನಾಳ ಬೆಳೆಸುತ್ತದೆ, ಪಕ್ಕದ ಕಣಗಳಿಗೆ ‘ಬೆಳೆಯಿರಿ, ಸರಿದು ಗಾಯ ಮುಚ್ಚಿರಿ’ ಎಂದು ಸೂಚನೆ ಕೊಡುತ್ತದೆ. ಗಾಯ ಮಾಯ್ದ ಮೇಲೆ ಕೆಲಸ ನಿಲ್ಲುತ್ತದೆ. ಕ್ಯಾನ್ಸರ್ ಗಡ್ಡೆ ಮಾಯದ ಗಾಯವಿದ್ದ ಹಾಗೆ ಎಂದು ಅಮೆರಿಕದ ಹೆರಾಲ್ಡ್ ಡ್ವೊರಾಕ್ 1986ರಲ್ಲಿ ಬರೆದರು. ಅಲ್ಲಿ ರಿಪೇರಿ ಮುಗಿಯುವುದೇ ಇಲ್ಲ, ಅದರ ಲಾಭವೆಲ್ಲ ಗಡ್ಡೆಗೆ.

ನನ್ನನ್ನು ಬೆಚ್ಚಿಸಿದ ಪ್ರಯೋಗ 2001ರದ್ದು. ನ್ಯೂಯಾರ್ಕಿನಲ್ಲಿ ಜೆಫ್ರಿ ಪೊಲಾರ್ಡ್ ತಂಡ ಸ್ತನ ಕ್ಯಾನ್ಸರ್ ಬರುವಂತೆ ಬೆಳೆಸಿದ ಇಲಿಗಳನ್ನು ತೆಗೆದುಕೊಂಡಿತು. ಮ್ಯಾಕ್ರೊಫೇಜ್‌ಗಳನ್ನು ಕರೆಸುವ ಸಿಎಸ್‌ಎಫ್-1 ಎಂಬ ಪ್ರೋಟೀನ್ ಕೆಲವು ಇಲಿಗಳಲ್ಲಿ ಇಲ್ಲದಂತೆ ಮಾಡಿತು. ಆ ಇಲಿಗಳಲ್ಲೂ ಗಡ್ಡೆ ಮಾಮೂಲಿನಂತೆಯೇ ಬೆಳೆಯಿತು. ಆದರೆ ಶ್ವಾಸಕೋಶಕ್ಕೆ ಹರಡುವುದು ತುಂಬಾ ಕಡಿಮೆಯಾಯಿತು! ಅಂದರೆ ಗಡ್ಡೆ ಬೆಳೆಯುವುದೇ ಬೇರೆ, ಊರು ಬಿಟ್ಟು ಊರಿಗೆ ಹೋಗುವುದೇ ಬೇರೆ. ಆ ಪ್ರಯಾಣಕ್ಕೆ ನಮ್ಮದೇ ಕಣದ ಸಹಾಯ ಬೇಕು.

ಸಹಾಯ ಹೇಗೆ? ಕ್ಯಾನ್ಸರ್ ಕಣ ಸಿಎಸ್‌ಎಫ್-1 ಬಿಟ್ಟು ಮ್ಯಾಕ್ರೊಫೇಜನ್ನು ಕರೆಯುತ್ತದೆ. ಮ್ಯಾಕ್ರೊಫೇಜ್ ಇಜಿಎಫ್ ಎಂಬ ಪ್ರೋಟೀನ್ ಬಿಟ್ಟು ಕ್ಯಾನ್ಸರ್ ಕಣವನ್ನು ಎಳೆಯುತ್ತದೆ. ಎರಡೂ ಒಂದರ ಹಿಂದೊಂದು ತೆವಳುತ್ತಾ ರಕ್ತನಾಳದ ತನಕ ಹೋಗುವುದನ್ನು ಜೀವಂತ ಇಲಿಗಳಲ್ಲೇ ಮೈಕ್ರೊಸ್ಕೋಪಿನಲ್ಲಿ ನೋಡಿದ್ದಾರೆ. ನಾಳದ ಗೋಡೆಗೆ ಆತುಕೊಂಡ ಮ್ಯಾಕ್ರೊಫೇಜ್ ಇರುವ ಜಾಗದಲ್ಲಿ ಗೋಡೆ ಒಂದಿಷ್ಟು ಹೊತ್ತು ಸಡಿಲವಾಗುತ್ತದೆ. ಕ್ಯಾನ್ಸರ್ ಕಣ ಅಲ್ಲಿಂದ ಒಳಕ್ಕೆ ನುಸುಳುತ್ತದೆ.

ನ್ಯೂಟ್ರೊಫಿಲ್ ಎಂಬ ಇನ್ನೊಂದು ಬಿಳಿ ಕಣವೂ ಇದರಲ್ಲಿದೆ. ಅದು ಕ್ರಿಮಿ ಹಿಡಿಯಲು ತನ್ನದೇ ಡಿಎನ್‌ಎಯನ್ನು ಬಲೆಯಂತೆ ಎಸೆಯುತ್ತದೆ. ಇಲಿಗಳಿಗೆ ಸಿಗರೇಟ್ ಹೊಗೆ ಕುಡಿಸಿದಾಗ ಆ ಬಲೆಗಳು ಶ್ವಾಸಕೋಶದಲ್ಲಿ ಮಲಗಿದ್ದ ಕ್ಯಾನ್ಸರ್ ಕಣಗಳನ್ನು ಎಬ್ಬಿಸಿದ್ದು 2018ರಲ್ಲಿ ಗೊತ್ತಾಯಿತು. ಅಕ್ಕನ ಎದುರು ಬೀಡಿ ಸೇದುವವರು ಯಾರಾದರೂ ಇದ್ದರೆ ಇದನ್ನು ಓದಿ ಹೇಳಿ.

ಇನ್ನು ನಿಮ್ಮ ಲಿಂಫೋಸೈಟ್‌ಗಳು. ಅವುಗಳಲ್ಲಿ ಟಿ ಕಣಗಳು ಕ್ಯಾನ್ಸರ್ ಕಣವನ್ನು ಕೊಲ್ಲಬಲ್ಲವು. ಆದರೆ ಅವಕ್ಕೆ ಬ್ರೇಕೂ ಇದೆ. ಎಷ್ಟೋ ಗಡ್ಡೆಗಳು, ಪಕ್ಕದ ಮ್ಯಾಕ್ರೊಫೇಜ್‌ಗಳು ಸಹ, ಆ ಬ್ರೇಕನ್ನು ಒತ್ತಿ ಹಿಡಿಯುತ್ತವೆ. ಬ್ರೇಕ್ ಬಿಡಿಸುವ ದಾರಿ ತೋರಿಸಿದ್ದಕ್ಕೆ ಜೇಮ್ಸ್ ಆಲಿಸನ್ ಮತ್ತು ತಸುಕು ಹೊಂಜೊ ಅವರಿಗೆ 2018ರ ನೊಬೆಲ್ ಬಂತು.

ಹೀಗಿರುವಾಗ ‘ಇಮ್ಯುನಿಟಿ ಜಾಸ್ತಿ ಮಾಡುವುದು’ ಅಂದರೆ ಯಾವುದನ್ನು? ಟಿ ಕಣವನ್ನೋ, ದಾರಿ ತೋರಿಸುವ ಮ್ಯಾಕ್ರೊಫೇಜನ್ನೋ? ಕಷಾಯಕ್ಕೆ ಆ ವ್ಯತ್ಯಾಸ ಗೊತ್ತಾಗುವುದಿಲ್ಲ. ಕೋವಿಡ್ ಕಾಲದಲ್ಲಿ ಅಮೃತಬಳ್ಳಿ ಸೇವಿಸಿದ ಕೆಲವರ ಲಿವರಿಗೆ ಪೆಟ್ಟಾದದ್ದನ್ನು ಮುಂಬೈ ವೈದ್ಯರು 2021ರಲ್ಲಿ ವರದಿ ಮಾಡಿದ್ದರು. ಆಯುಷ್ ಸಚಿವಾಲಯ ಒಪ್ಪಲಿಲ್ಲ, ಅದು ಬೇರೆ ಮಾತು. ಕೀಮೋ ಔಷಧಿಗಳಲ್ಲೂ ಹಲವನ್ನು ಲಿವರೇ ಸಂಭಾಳಿಸಬೇಕು. ಅದಕ್ಕೇ, ಕಷಾಯದ ವಿಷಯ ಡಾಕ್ಟರಿಗೆ ಮುಚ್ಚಿಡಬೇಡಿ. ಅವರು ನಿಲ್ಲಿಸಿ ಅಂದರೆ ನಿಲ್ಲಿಸಿ.

ರಿಪೋರ್ಟಿನ ಆ ಸಾಲಿಗೆ ಹೆದರಬೇಡಿ. ಟ್ರಿಪಲ್ ನೆಗೆಟಿವ್ ಮತ್ತು ಹರ್-ಟು ಪಾಸಿಟಿವ್ ಬಗೆಯ ಸ್ತನ ಕ್ಯಾನ್ಸರಿನಲ್ಲಿ ಗಡ್ಡೆಯೊಳಗೆ ಲಿಂಫೋಸೈಟ್ ಜಾಸ್ತಿ ಇದ್ದರೆ ಸಾಮಾನ್ಯವಾಗಿ ಒಳ್ಳೆಯ ಲಕ್ಷಣವೇ. ಅಕ್ಕನದು ಯಾವ ಬಗೆ, ಎಷ್ಟು ಪರ್ಸೆಂಟ್ ಇದೆ ಅಂತ ಮುಂದಿನ ಸಲ ಹೋದಾಗ ಕೇಳಿಕೊಂಡು ಬನ್ನಿ.

– ಸಂಪಾದಕ