ವಿಂಡೋಸೇ ಕೆಟ್ಟಿರುವಾಗ ರೆಸ್ಕ್ಯೂ ಪೆನ್‌ಡ್ರೈವ್‌ನಿಂದ ಕಂಪ್ಯೂಟರ್ ಹೇಗೆ ಶುರುವಾಗುತ್ತದೆ?

ಆ ಪೆನ್‌ಡ್ರೈವ್‌ನಲ್ಲಿ (ಮೊದಲೆಲ್ಲ ಸಿಡಿ ಇರುತ್ತಿತ್ತು) ಬೇರೆಯದೇ ಆಪರೇಟಿಂಗ್ ಸಿಸ್ಟಮ್ ಇರುತ್ತದೆ, ಅದಕ್ಕೇ. ಹಾರ್ಡ್‌ಡಿಸ್ಕ್‌ನಲ್ಲಿರುವ ವಿಂಡೋಸಿನ ಹಂಗೇ ಅದಕ್ಕಿಲ್ಲ.

ಪವರ್ ಬಟನ್ ಒತ್ತಿದಾಗ ಮೊದಲು ಏಳುವುದು ಮದರ್‌ಬೋರ್ಡಿನ ಚಿಪ್‌ನಲ್ಲಿರುವ ಒಂದು ಸಣ್ಣ ಪ್ರೋಗ್ರಾಂ. ಹಳೆಯ ಯಂತ್ರಗಳಲ್ಲಿ ಅದು ಬಯಾಸ್, ಈಗಿನವುಗಳಲ್ಲಿ ಯುಇಎಫ್‌ಐ. ಆಪರೇಟಿಂಗ್ ಸಿಸ್ಟಮ್ ಎಲ್ಲಿದೆ ಎಂದು ಅದು ಪಟ್ಟಿ ಹಿಡಿದು ಹುಡುಕುತ್ತದೆ. ಆನ್ ಮಾಡಿದ ಕೂಡಲೇ ಎಫ್12 ಅಥವಾ ಎಸ್ಕೇಪ್ ಒತ್ತಿ (ಕಂಪನಿಗೊಂದು ಕೀ, ಏನು ಮಾಡೋದು!) ಪೆನ್‌ಡ್ರೈವ್ ಆರಿಸಿದರೆ, ಅದರೊಳಗಿನ ಲಿನಕ್ಸ್ ಅಥವಾ ಪುಟ್ಟ ವಿಂಡೋಸ್ ರ‍್ಯಾಮ್‌ಗೆ ಬಂದು ಕೂರುತ್ತದೆ. ಹಾರ್ಡ್‌ಡಿಸ್ಕ್ ಆಗ ಸುಮ್ನೆ ಒಂದು ಫೈಲ್ ಪೆಟ್ಟಿಗೆ. ವಿಂಡೋಸ್ ಓಡುವಾಗ ಮುಟ್ಟಲು ಬಿಡದ ಫೈಲುಗಳನ್ನೂ ಈಗ ಸರಿಪಡಿಸಬಹುದು. ಅದರಲ್ಲಿ ಅಡಗಿರುವ ವೈರಸ್ ಕೂಡ ಶುರುವಾಗಿರುವುದಿಲ್ಲ, ಅಲ್ವಾ?

ಸಿಸ್ಟಮ್‌ರೆಸ್ಕ್ಯೂ ಇಂಥದ್ದೊಂದು ಉಚಿತ ಕಿಟ್. ಶುರುವಿನ ಮೆನುವಿನಲ್ಲೇ ರ‍್ಯಾಮ್ ಪರೀಕ್ಷಿಸುವ ಮೆಮ್‌ಟೆಸ್ಟ್ ಸಿಗುತ್ತದೆ. ಜೊತೆಗಿರುವ ಡಿಡಿರೆಸ್ಕ್ಯೂ ನನಗೆ ಜಾಸ್ತಿ ಇಷ್ಟ. ಸಾಯುತ್ತಿರುವ ಡಿಸ್ಕ್‌ನಲ್ಲಿ ಸುಲಭವಾಗಿ ಓದಲು ಬರುವ ಭಾಗವನ್ನು ಅದು ಮೊದಲು ಕಾಪಿ ಮಾಡಿಕೊಂಡು, ಕೆಟ್ಟ ಜಾಗಗಳಿಗೆ ಆಮೇಲೆ ಕೈಹಾಕುತ್ತದೆ. ಡಿಸ್ಕ್ ಎರರ್ ಕೊಡುತ್ತಿದ್ದರೆ ರಿಪೇರಿ ಆಮೇಲೆ, ಮೊದಲು ಡೇಟಾ.

ಡೌನ್‌ಲೋಡ್ ಮಾಡಿದ ಐಎಸ್‌ಒ ಫೈಲನ್ನು (ಇಡೀ ಡಿಸ್ಕಿನ ಪಡಿಯಚ್ಚು ಇರುವ ಒಂದೇ ಫೈಲು) ಪೆನ್‌ಡ್ರೈವ್‌ಗೆ ಹಾಗೇ ಕಾಪಿ ಮಾಡಿದರೆ ಬೂಟ್ ಆಗುವುದಿಲ್ಲ. ರೂಫಸ್‌ನಂಥ ಪ್ರೋಗ್ರಾಂನಿಂದ ಬರೆಯಬೇಕು. ಆಗ ಪೆನ್‌ಡ್ರೈವ್‌ನಲ್ಲಿರುವುದೆಲ್ಲ ಅಳಿಸಿಹೋಗುತ್ತದೆ. ಇನ್ನು ಹಾರ್ಡ್‌ಡಿಸ್ಕ್‌ಗೆ ಬಿಟ್‌ಲಾಕರ್ (ಡೇಟಾವನ್ನು ಗೂಢಲಿಪಿಯಾಗಿಸುವ ವಿಂಡೋಸಿನ ಬೀಗ) ಹಾಕಿದ್ದರೆ, ಅದನ್ನು ತೆರೆಯಲು 48 ಅಂಕಿಗಳ ರಿಕವರಿ ಕೀ ಹುಡುಕಿ ಇಟ್ಟುಕೊಳ್ಳಿ.