ಅದೇ ಕಿಮೋ ಪಡೆದ ಬೇರೆ ಮಗು ಓಡುತ್ತಿದೆ, ನಮ್ಮ ಮಗ ಮಾತ್ರ ಯಾಕೆ ಎಡವುತ್ತಾನೆ? ಇದು ವಂಶದಿಂದ ಬಂದದ್ದಾ?

ಲ್ಯುಕೇಮಿಯಾ, ಅಂದರೆ ರಕ್ತದ ಕ್ಯಾನ್ಸರ್‌ನ ಚಿಕಿತ್ಸೆ ಮುಗಿದು ಎರಡು ವರ್ಷವಾದರೂ ಮಗನ ಪಾದ ಸರಿಯಾಗಿ ಮೇಲೇಳುವುದಿಲ್ಲ ಎಂದು ಬರೆದಿದ್ದೀರಿ. ನಾನು ಡಾಕ್ಟರ್ ಅಲ್ಲ. ಏಳನೇ ವಯಸ್ಸಿನಲ್ಲಿ ಅದೇ ಕಾಯಿಲೆ ಬಂದು ಉಳಿದುಕೊಂಡವನು. ಬರೀ ಹಿಮ್ಮಡಿ ಊರಿ ನಡೆಯಲು ನನಗೆ ಇವತ್ತಿಗೂ ಆಗದು.

ಇದು ಹೆಚ್ಚಾಗಿ ವಿನ್‌ಕ್ರಿಸ್ಟಿನ್ ಕೆಲಸ. ನಿತ್ಯಪುಷ್ಪದ ಗಿಡದಿಂದ ಬಂದ ಕಿಮೋ ಔಷಧ. ಜೀವಕೋಶ ಎರಡಾಗಲು ಅದರೊಳಗಿನ ಸಣ್ಣ ಸಣ್ಣ ಕೊಳವೆಗಳು ಬೇಕು. ಈ ಔಷಧ ಅವನ್ನು ಕೆಡಿಸುತ್ತದೆ, ಕ್ಯಾನ್ಸರ್ ಕೋಶ ಸಾಯುತ್ತದೆ. ತೊಂದರೆ ಏನೆಂದರೆ, ನರದೊಳಗೆ ಸರಕು ಸಾಗುವುದೂ ಅಂಥ ಕೊಳವೆಗಳ ಹಾದಿಯಲ್ಲೇ. ಹಾದಿ ಉದ್ದವಾದಷ್ಟೂ ಪೆಟ್ಟು ಜಾಸ್ತಿ. ಅದಕ್ಕೇ ಮೊದಲು ಪಾದ.

ಜೀನ್‌ಗೂ ಇದಕ್ಕೂ ನಂಟಿದೆ. 2015ರಲ್ಲಿ ಅಮೆರಿಕದ ಸೇಂಟ್ ಜೂಡ್ ಆಸ್ಪತ್ರೆಯ ಸಂಶೋಧಕರು ಮತ್ತವರ ಜೊತೆಗಾರರು 321 ಮಕ್ಕಳನ್ನು ನೋಡಿದರು. ಸಿಇಪಿ72 ಜೀನ್‌ನ ಒಂದು ಬದಲಾವಣೆ ಅಪ್ಪ ಅಮ್ಮ ಇಬ್ಬರಿಂದಲೂ ಬಂದ 50 ಮಕ್ಕಳಲ್ಲಿ 28 ಮಕ್ಕಳಿಗೆ ಗಣನೀಯ ಮಟ್ಟದ ನರದ ತೊಂದರೆ ಆಯಿತು. ಉಳಿದ 271ರಲ್ಲಿ 58ಕ್ಕೆ. ವ್ಯತ್ಯಾಸ ದೊಡ್ಡದೇ. ಆದರೆ ಬದಲಾವಣೆ ಇಬ್ಬರಿಂದಲೂ ಬಂದಿದ್ದೂ 22 ಮಕ್ಕಳು ಪಾರಾದರು, ಹಾಗೆ ಇಬ್ಬರಿಂದಲೂ ಬಾರದೆಯೂ 58 ಮಕ್ಕಳು ನರಳಿದರು, ಅಲ್ವಾ? ಜೊತೆಗೆ ಅಲ್ಲಿ ಲೆಕ್ಕ ಹಿಡಿದದ್ದು ಚಿಕಿತ್ಸೆ ನಡೆಯುವಾಗಿನ ತೊಂದರೆಯನ್ನು. ಔಷಧವನ್ನು ಕರಗಿಸುವ ಯಕೃತ್ತಿನ ಕಿಣ್ವವೂ ಎಲ್ಲರಲ್ಲಿ ಒಂದೇ ಥರ ಇರುವುದಿಲ್ಲ. ಫಂಗಸ್‌ಗೆ ಕೊಡುವ ವೊರಿಕೊನಜೋಲ್‌ನಂಥ ಮಾತ್ರೆ ಜೊತೆಗಿದ್ದರೆ ಆ ಕಿಣ್ವದ ಕೆಲಸ ಇನ್ನೂ ನಿಧಾನ, ವಿನ್‌ಕ್ರಿಸ್ಟಿನ್ ಮೈಯಲ್ಲಿ ಹೆಚ್ಚು ಹೊತ್ತು ಉಳಿಯುತ್ತದೆ.

ನನ್ನ ವಿಷಯದಲ್ಲಿ ಉತ್ತರ ಸಿಕ್ಕಿದ್ದು ಅಪ್ಪನ ಪಾದದಲ್ಲಿ. ವರ್ಷಗಳ ಮೇಲೆ ಒಬ್ಬ ನರತಜ್ಞರು ನನ್ನನ್ನು ಬಿಟ್ಟು ಅಪ್ಪನಿಗೆ ಚಪ್ಪಲಿ ಬಿಡಲು ಹೇಳಿದರು. ನಡುಪಾದ ಕಮಾನಿನ ಹಾಗೆ ಎತ್ತರ, ಬೆರಳು ಮುದುಡಿದ್ದವು. "ನಮ್ಮ ಮನೆಯವರ ಕಾಲೇ ಹೀಗೆ" ಎಂದರು ಅಪ್ಪ. ಪರೀಕ್ಷೆಯಲ್ಲಿ ಶಾರ್ಕೊ-ಮೇರಿ-ಟೂತ್ ಎಂದು ಬಂತು, ವಂಶದಿಂದ ಬರುವ ನರದ ಕಾಯಿಲೆ. 17ನೇ ಕ್ರೋಮೋಸೋಮಿನ ಪಿಎಂಪಿ22 ಜೀನ್ ಒಂದು ಪ್ರತಿ ಜಾಸ್ತಿ ಇತ್ತು. ಇಂಥವರಿಗೆ ವಿನ್‌ಕ್ರಿಸ್ಟಿನ್‌ನ ಕೆಲವೇ ಡೋಸ್ ಕಾಲಿನ ಬಲ ಕಸಿಯಬಹುದು. ನರದ ಹೊದಿಕೆ ಕೆಡುವ ಈ ಬಗೆಯವರಿಗೆ ಕೊಡಬಾರದೆಂದು ಔಷಧದ ಚೀಟಿಯಲ್ಲೇ ಇದೆ. ಆದರೆ ನನ್ನ ಚಿಕಿತ್ಸೆಗೆ ಮೊದಲು ಅಪ್ಪನ ಕಾಲನ್ನು ಯಾರೂ ನೋಡಿರಲಿಲ್ಲ.

ನಾನಾದರೆ ಸಿಇಪಿ72 ಪರೀಕ್ಷೆಗೆ ಸುಮ್ನೆ ದುಡ್ಡು ಹಾಕುವುದಿಲ್ಲ. ಗೊತ್ತಾದರೂ ಇವತ್ತು ಮಾಡುವುದೇನೂ ಬದಲಾಗದು. ಎರಡೂ ಕಡೆಯ ಮನೆಯವರ ಪಾದ ನೋಡಿ, ನರತಜ್ಞರಿಗೆ ತಿಳಿಸಿ, ನರದ ವೇಗ ಅಳೆಯುವ ಪರೀಕ್ಷೆ ಬೇಕಾ ಕೇಳಿ. ಶಾರ್ಕೊ-ಮೇರಿ-ಟೂತ್ ಇದ್ದರೆ ಫೈಲಿನ ಮೊದಲ ಪುಟದಲ್ಲೇ ಬರೆಸಿ. ಮತ್ತೆ ಕಿಮೋ ಬೇಕಾದರೆ ಅದು ಮುಖ್ಯವಾಗುತ್ತದೆ. ಒಡಹುಟ್ಟಿದವರಿಗೂ ಬಂದಿರಬಹುದು.

ಫಿಸಿಯೋಥೆರಪಿ ಬಿಡಬೇಡಿ. ಪಾದ ಎತ್ತಿ ಹಿಡಿಯುವ ಪಟ್ಟಿ ಕೊಟ್ಟರೆ ಹಾಕಿಸಿ. ಶಾಲೆಯಲ್ಲಿ ನಗುತ್ತಾರೆಂದು ನಾನು ಅದನ್ನು ಬ್ಯಾಗಿನಲ್ಲೇ ಇಟ್ಟುಕೊಂಡು ಓಡಾಡಿದೆ. ಈಗ ದಿನಾ ಹಾಕುತ್ತೇನೆ, ಮೆಟ್ಟಿಲು ಇಳಿಯುವಾಗ ಕಾಲಿನ ಕಡೆ ನೋಡುತ್ತಾ ಇಳಿಯುವುದಿಲ್ಲ.